ತಪ್ಪಕ್ಷರ ಹೇಳಿದ ಗುಟ್ಟು

1865ರ ಆಗಸ್ಟ್ ತಿಂಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ 11 ವರ್ಷದ ಹುಡುಗನೊಬ್ಬನನ್ನು ಕರೆತಂದರು. ಗಾಡಿಯ ಚಕ್ರ ಹರಿದು ಅವನ ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಹರಿದಿತ್ತು. ಆ ಕಾಲದಲ್ಲಿ ಅಂಥ ಗಾಯವೆಂದರೆ ಕೀವು, ನಂಜು, ಕೊನೆಗೆ ಕಾಲು ಕತ್ತರಿಸುವುದು, ಇಲ್ಲವೇ ಸಾವು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಆ ಗಾಯಕ್ಕೆ ಕಟ್ಟಿದರು. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು. ಹುಡುಗ ನಡೆದುಕೊಂಡು ಮನೆಗೆ ಹೋದ. ಗಾಯ ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣ, ಅವನ್ನು ದೂರವಿಟ್ಟರೆ ಗಾಯ ಮಾಯುತ್ತದೆ ಎಂದು ಲಿಸ್ಟರ್ 1867ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು.

ಆ ಸೂಕ್ಷ್ಮಜೀವಿಗಳು ಗಾಯಕ್ಕೆ ಬರುವುದು ಎಲ್ಲಿಂದ? ಗಾಳಿಯಿಂದ ಎಂದು ಲಿಸ್ಟರ್ ನಂಬಿದ್ದರು. ಆದ್ದರಿಂದ ಶಸ್ತ್ರಚಿಕಿತ್ಸೆ ನಡೆಯುವಾಗ ಕಾರ್ಬಾಲಿಕ್ ಆಮ್ಲವನ್ನು ಗಾಳಿಗೆ ತುಂತುರಾಗಿ ಸಿಂಪಡಿಸುವ ಪದ್ಧತಿಯನ್ನೂ ತಂದರು. ಆದರೆ ನಿಜವಾದ ಅಪಾಯ ಇರುವುದು ವೈದ್ಯರ ಕೈ, ಉಪಕರಣ ಮತ್ತು ಬಟ್ಟೆಗಳಲ್ಲಿ ಎಂಬುದು ಕ್ರಮೇಣ ಸ್ಪಷ್ಟವಾಯಿತು. 1890ರಲ್ಲಿ ಲಿಸ್ಟರ್ ತಾವೇ ಆ ತುಂತುರನ್ನು ಬಹಿರಂಗವಾಗಿ ತಳ್ಳಿಹಾಕಿದರು. ಗಾಳಿಯ ಮೇಲಿದ್ದ ಆರೋಪ ಬಹುಮಟ್ಟಿಗೆ ಬಿದ್ದುಹೋಯಿತು.

ಸುಮಾರು 120 ವರ್ಷಗಳ ನಂತರ ಅದೇ ಗಾಳಿ ಮತ್ತೆ ಕಟಕಟೆ ಹತ್ತಬೇಕಾಯಿತು. ಈ ಸಲ ಸಾಕ್ಷಿ ಹೇಳಿದ್ದು ಬ್ಯಾಕ್ಟೀರಿಯದ ಡಿ.ಎನ್.ಎ.

ಜ್ಯೂರಿಚ್‌ನ ಒಗಟು

ಸ್ವಿಟ್ಜರ್ಲೆಂಡಿನ ಜ್ಯೂರಿಚ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಕೆಲವರು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ಅವರಿಗೆ ಕೃತಕ ಕವಾಟವನ್ನೋ ಕೃತಕ ರಕ್ತನಾಳವನ್ನೋ ಜೋಡಿಸಲಾಗಿತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು, ಮನೆಗೂ ಹೋಗಿದ್ದರು. ಒಂದೂವರೆ ವರ್ಷದಿಂದ ಮೂರೂವರೆ ವರ್ಷ ಕಳೆದ ಮೇಲೆ ಕಾಯಿಲೆ ಕಾಣಿಸಿಕೊಂಡಿತು. ಇಂಥ ಸೋಂಕು ತಗುಲಿದವರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸುಸ್ತು, ತೂಕ ಇಳಿಯುವುದು ಸಾಮಾನ್ಯ. ಮಾಮೂಲಿ ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ. ಬೇರೆ ಯಾವುದೋ ಕಾಯಿಲೆಯೆಂದು ತಪ್ಪಾಗಿ ಭಾವಿಸಿ ಚಿಕಿತ್ಸೆ ಕೊಡುವುದೂ ಉಂಟು.

ಕೊನೆಗೆ ಸಿಕ್ಕ ರೋಗಾಣು ಮೈಕೊಬ್ಯಾಕ್ಟೀರಿಯಂ ಕಿಮೇರಾ. ಇದು ಕ್ಷಯದ ರೋಗಾಣುವಿನ ದೂರದ ದಾಯಾದಿ. 2004ರಲ್ಲಷ್ಟೇ ಇದಕ್ಕೆ ಪ್ರತ್ಯೇಕ ಪ್ರಭೇದವೆಂಬ ಸ್ಥಾನ ಸಿಕ್ಕಿತು. ಗ್ರೀಕ್ ಪುರಾಣದಲ್ಲಿ ಬರುವ, ಮೂರು ಪ್ರಾಣಿಗಳ ಅಂಗಗಳು ಕೂಡಿಕೊಂಡ ವಿಚಿತ್ರ ಮೃಗದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನೀರಿನಲ್ಲಿ, ಮಣ್ಣಿನಲ್ಲಿ ವಾಸ. ಮೇಣದಂಥ ದಪ್ಪ ಹೊದಿಕೆಯಿರುವುದರಿಂದ ಕ್ಲೋರಿನ್‌ಗೂ ಸುಲಭವಾಗಿ ಸಾಯುವುದಿಲ್ಲ. ಬೆಳವಣಿಗೆಯೋ ಬಹಳ ನಿಧಾನ. ಪ್ರಯೋಗಶಾಲೆಯಲ್ಲಿ ಬೆಳೆಸಲು ವಾರಗಟ್ಟಲೆ ಕಾಯಬೇಕು. ಆರೋಗ್ಯವಂತರಿಗೆ ಇದರಿಂದ ತೊಂದರೆಯಾಗುವುದು ಅಪರೂಪ. ಆದರೆ ಕೃತಕ ಕವಾಟದ ಮೇಲೆ ನೆಲೆಯೂರಿದರೆ ಬಿಡಿಸುವುದು ಬಹಳ ಕಷ್ಟ. ವರದಿಯಾದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಉಳಿಯಲಿಲ್ಲ.

ನೀರಿನ ಜೀವಿ ಹೃದಯದೊಳಗೆ ಹೋದದ್ದು ಹೇಗೆ? ತನಿಖೆ ಮಾಡಿದವರು ಆಪರೇಷನ್ ಥಿಯೇಟರಿನಲ್ಲಿ ನೀರು ಎಲ್ಲೆಲ್ಲಿದೆ ಎಂದು ಹುಡುಕಿದರು. ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ರಕ್ತವನ್ನು ದೇಹದ ಹೊರಗಿನ ಯಂತ್ರದ ಮೂಲಕ ಹರಿಸುತ್ತಾರೆ. ಆ ರಕ್ತವನ್ನು ಬೇಕಾದಾಗ ತಣ್ಣಗೆ, ಬೇಕಾದಾಗ ಬೆಚ್ಚಗೆ ಮಾಡಲು ಪಕ್ಕದಲ್ಲಿ ಇನ್ನೊಂದು ಯಂತ್ರವಿರುತ್ತದೆ. ಅದರ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ಆ ನೀರಿನಲ್ಲಿ ಕಿಮೇರಾ ಸಿಕ್ಕಿತು!

ಆದರೆ ಒಂದು ತೊಡಕು. ಈ ನೀರು ರಕ್ತವನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಗೋಡೆಯಿದೆ. ದಾಟುವುದು ಶಾಖ ಮಾತ್ರ. ಹಾಗಾದರೆ ದಾರಿ ಯಾವುದು? ಯಂತ್ರ ನಡೆಯುತ್ತಿರುವಾಗ ಥಿಯೇಟರಿನ ಗಾಳಿಯನ್ನು ಪರೀಕ್ಷಿಸಿದರು. ಗಾಳಿಯಲ್ಲೂ ಕಿಮೇರಾ ಇತ್ತು. ತೊಟ್ಟಿಯ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹೊರಬರುತ್ತಿತ್ತು. ಮುಂದೆ ಯಂತ್ರದ ಬಳಿ ಹೊಗೆ ಬಿಟ್ಟು ನೋಡಿದಾಗ ಆ ಹೊಗೆ ಅರ್ಧ ನಿಮಿಷದೊಳಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿತ್ತು. ಮೇಲಿನಿಂದ ಶುದ್ಧ ಗಾಳಿ ಬೀಸುವ ವ್ಯವಸ್ಥೆಯಿದ್ದ ಥಿಯೇಟರಿನಲ್ಲೂ ಹೀಗಾಯಿತು. ಲಿಸ್ಟರರ ಹಳೆಯ ಸಂಶಯದಲ್ಲೂ ಒಂದಿಷ್ಟು ಹುರುಳಿತ್ತು!

ಒಂದೇ ಜಾತಿಯಾದರೆ ಸಾಕೆ?

ರೋಗಿಯಲ್ಲಿ ಕಿಮೇರಾ, ಯಂತ್ರದಲ್ಲೂ ಕಿಮೇರಾ. ಅಷ್ಟರಿಂದಲೇ ಯಂತ್ರ ತಪ್ಪಿತಸ್ಥ ಎನ್ನಬಹುದೆ? ಆಗದು. ಊರಿನಲ್ಲಿ ಕಳವಾದ ಮನೆಯ ಮುಂದೆ ಚಪ್ಪಲಿಯ ಗುರುತು ಸಿಕ್ಕಿತೆಂದು ಚಪ್ಪಲಿ ಹಾಕಿಕೊಂಡವರನ್ನೆಲ್ಲ ಹಿಡಿಯಲಾಗುತ್ತದೆಯೆ? ಕಿಮೇರಾ ನೀರಿನಲ್ಲಿ ಇರುವುದೇ ಸಹಜ. ರೋಗಿ ತನ್ನ ಮನೆಯ ನಲ್ಲಿಯಿಂದಲೇ ಅದನ್ನು ಪಡೆದಿರಬಹುದು. ಬೇಕಾದದ್ದು ಜಾತಿಯ ಹೆಸರಲ್ಲ, ಮನೆತನದ ಗುರುತು.

ಜ್ಯೂರಿಚ್‌ನವರು ಮೊದಲು ಡಿ.ಎನ್.ಎ.ಯ ಕೆಲವು ತುಣುಕುಗಳನ್ನು ಹೋಲಿಸುವ ಹಳೆಯ ವಿಧಾನವನ್ನೇ ಬಳಸಿದರು. ಕೆಲವು ರೋಗಿಗಳ ಮತ್ತು ಯಂತ್ರಗಳ ಮಾದರಿಗಳು ಹೊಂದಿಕೊಂಡವು. ಆದರೆ ಇದು ಎರಡು ದಪ್ಪ ಪುಸ್ತಕಗಳ ನಾಲ್ಕಾರು ಪುಟಗಳನ್ನು ಮಾತ್ರ ಹೋಲಿಸಿದಂತೆ. ಉಳಿದ ಪುಟಗಳಲ್ಲಿ ಏನಿದೆಯೋ ಯಾರು ಬಲ್ಲರು? ಇಡೀ ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಓದುವುದೇ ಜೀನೋಮ್ ಸೀಕ್ವೆನ್ಸಿಂಗ್.

ಈ ಮಾತು ಈಗ ಕನ್ನಡ ಓದುಗರಿಗೆ ಹೊಸದಲ್ಲ. ಕೋವಿಡ್ ದಿನಗಳಲ್ಲಿ ಅದನ್ನು ಕೇಳದವರಿಲ್ಲ. 2021ರ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿವೆ ಎಂದು ಪ್ರಕಟವಾದದ್ದು ಇದೇ ವಿಧಾನದಿಂದ. ಕೋವಿಡ್ ವೈರಸ್ಸಿನ ಪುಸ್ತಕ ಚಿಕ್ಕದು, ಸುಮಾರು 30 ಸಾವಿರ ಅಕ್ಷರ. ಕಿಮೇರಾದ್ದು ಸುಮಾರು 60 ಲಕ್ಷ ಅಕ್ಷರ. ಬರೆದಿರುವುದು ಮಾತ್ರ ನಾಲ್ಕೇ ಅಕ್ಷರಗಳಲ್ಲಿ: ಎ, ಟಿ, ಜಿ, ಸಿ.

ಇಷ್ಟು ದೊಡ್ಡ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುವ ಯಂತ್ರ ಇಲ್ಲ. ಆದ್ದರಿಂದ ಒಂದು ಉಪಾಯ. ಒಂದೇ ದಿನದ ಪತ್ರಿಕೆಯ ನೂರು ಪ್ರತಿಗಳನ್ನು ಮನಬಂದಂತೆ ಹರಿದು ಚೂರು ಮಾಡಿದಿರಿ ಎಂದುಕೊಳ್ಳಿ. ಒಂದೊಂದು ಪ್ರತಿಯೂ ಒಂದೊಂದು ಕಡೆ ಹರಿದಿರುತ್ತದೆ. ಒಂದು ಚೂರಿನ ಕೊನೆಯ ಸಾಲು ಇನ್ನೊಂದು ಚೂರಿನ ಮೊದಲ ಸಾಲಿಗೆ ಹೊಂದುವುದನ್ನು ನೋಡಿ ಜೋಡಿಸುತ್ತ ಹೋದರೆ ಇಡೀ ಪತ್ರಿಕೆ ಮತ್ತೆ ಸಿದ್ಧವಾಗುತ್ತದೆ. ಡಿ.ಎನ್.ಎ.ಯನ್ನೂ ಹಾಗೆಯೇ ಚೂರು ಮಾಡಿ, ಚೂರುಗಳನ್ನು ಓದಿ, ಕಂಪ್ಯೂಟರಿನಿಂದ ಜೋಡಿಸುತ್ತಾರೆ. 1995ರಲ್ಲಿ ಅಮೆರಿಕದ ಕ್ರೇಗ್ ವೆಂಟರ್, ಹ್ಯಾಮಿಲ್ಟನ್ ಸ್ಮಿತ್ ಮತ್ತು ಸಂಗಡಿಗರು ಮೊದಲ ಬಾರಿಗೆ ಒಂದು ಬ್ಯಾಕ್ಟೀರಿಯದ ಪೂರ್ಣ ಜೀನೋಮನ್ನು ಹೀಗೆ ಓದಿದರು. 18,30,137 ಜೋಡಿ ಅಕ್ಷರಗಳ ಆ ಕೆಲಸಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದು ಬ್ಯಾಕ್ಟೀರಿಯ ಬೆಳೆದು ಕೈಗೆ ಸಿಕ್ಕ ಮೇಲೆ ಒಂದೆರಡು ದಿನಗಳಲ್ಲಿ ಓದು ಮುಗಿಯುತ್ತದೆ.

ತಪ್ಪುಗಳ ಲೆಕ್ಕ

ಓದಿದ ಮೇಲೆ ಹುಡುಕುವುದು ಏನನ್ನು? ತಪ್ಪಕ್ಷರಗಳನ್ನು!

ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಸರಿಯುತ್ತರ ಬರೆದಿದ್ದರೆ ಯಾರೂ ಅನುಮಾನಪಡುವುದಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ಮೇಷ್ಟ್ರಿಗೆ ಗೊತ್ತಾಗುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರೂ ಮಾಡುವುದು ಇದನ್ನೇ. ಒಂದು ಕಾವ್ಯದ ಹಲವು ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತು ಹಾಕುತ್ತಾರೆ. ಒಬ್ಬ ಲಿಪಿಕಾರ ಕೈತಪ್ಪಿ ಬರೆದ ಅಕ್ಷರ ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಯಲ್ಲೂ ಉಳಿದಿರುತ್ತದೆ. ಯಾವ ಪ್ರತಿ ಯಾವುದರ ಮಗು, ಯಾವುವು ಅಣ್ಣತಮ್ಮಂದಿರು ಎಂಬ ವಂಶವೃಕ್ಷವನ್ನು ಆ ತಪ್ಪುಗಳಿಂದಲೇ ಬರೆಯಬಹುದು.

ಬ್ಯಾಕ್ಟೀರಿಯ ಒಂದು ಎರಡಾಗುವಾಗ ತನ್ನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳುತ್ತದೆ. ಅದೂ ಒಬ್ಬ ಲಿಪಿಕಾರ. ಎಷ್ಟೇ ಎಚ್ಚರವಿದ್ದರೂ ಎಂದೋ ಒಮ್ಮೆ ಒಂದಕ್ಷರ ತಪ್ಪುತ್ತದೆ. ಗಾಯಗಳಲ್ಲಿ ಕೀವು ಮಾಡುವ ಸ್ಟ್ಯಾಫಿಲೊಕಾಕಸ್ ಆರಿಯಸ್ಸಿನ ಆಂಟಿಬಯೋಟಿಕ್‌ಗೆ ಬಗ್ಗದ ಒಂದು ತಳಿಯಲ್ಲಿ ಸುಮಾರು ಆರು ವಾರಕ್ಕೊಂದು ತಪ್ಪು ಉಳಿದುಕೊಳ್ಳುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಕ್ಷಯದ ರೋಗಾಣುವಿನಲ್ಲಾದರೋ ಸರಾಸರಿ ಎರಡು ವರ್ಷಕ್ಕೊಂದು.

ಇದನ್ನಿಟ್ಟುಕೊಂಡು ವಿದ್ಯಾರ್ಥಿಗಳು ಒಂದು ಕಲ್ಪಿತ ಲೆಕ್ಕ ಮಾಡಿ ನೋಡಬಹುದು. ಒಂದೇ ವಾರ್ಡಿನಲ್ಲಿ ಮೂವರಿಗೆ ಶಸ್ತ್ರಚಿಕಿತ್ಸೆಯ ಗಾಯ ಕೀವಾಗಿದೆ. ಮೂವರಲ್ಲೂ ಇದೇ ಸ್ಟ್ಯಾಫಿಲೊಕಾಕಸ್. ಮೊದಲನೆಯ ಮತ್ತು ಎರಡನೆಯ ರೋಗಿಯ ರೋಗಾಣುಗಳ ನಡುವೆ 2 ಅಕ್ಷರಗಳ ವ್ಯತ್ಯಾಸ. ಮೂರನೆಯದಕ್ಕೂ ಮೊದಲನೆಯದಕ್ಕೂ 400 ಅಕ್ಷರಗಳ ವ್ಯತ್ಯಾಸ. ಕವಲೊಡೆದ ಮೇಲೆ ಎರಡೂ ಕವಲುಗಳಲ್ಲಿ ತಪ್ಪು ಸೇರುತ್ತ ಹೋಗುವುದರಿಂದ ವ್ಯತ್ಯಾಸವನ್ನು ಎರಡಾಗಿ ಹಂಚಬೇಕು. ಮೊದಲ ಇಬ್ಬರದು ಒಂದೊಂದು ತಪ್ಪು, ಅಂದರೆ ಸುಮಾರು ಆರು ವಾರ ಹಿಂದೆ ಅವೆರಡೂ ಒಂದೇ ಆಗಿದ್ದವು. ಅವು ಒಂದೇ ಮೂಲದಿಂದ ಬಂದಿರುವ ಸಂಭವ ಹೆಚ್ಚು. ಮೂರನೆಯದಕ್ಕೆ ತಲಾ 200 ತಪ್ಪು. 200ನ್ನು 6ರಿಂದ ಗುಣಿಸಿದರೆ 1200 ವಾರ, ಸುಮಾರು 23 ವರ್ಷ! ಆ ರೋಗಿ ಅದೇ ವಾರ್ಡಿನಲ್ಲಿದ್ದದ್ದು ಕಾಕತಾಳೀಯ. ಅವನಿಗೆ ಸೋಂಕು ಬೇರೆ ಕಡೆಯಿಂದ ಬಂದಿದೆ.

ನಿಜವಾದ ತನಿಖೆಯಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ತಪ್ಪುಗಳು ಗಡಿಯಾರದಂತೆ ತಪ್ಪದೆ ಬರುವುದಿಲ್ಲ, ಸರಾಸರಿಯಲ್ಲಿ ಬರುತ್ತವೆ. ಆದರೂ ತತ್ತ್ವ ಇದೇ.

ದೇಶ ದೇಶದ ರೋಗಿಗಳು, ಒಂದೇ ಮನೆತನ

ಮತ್ತೆ ಕಿಮೇರಾದ ಕಥೆಗೆ ಬರೋಣ. ಜ್ಯೂರಿಚ್‌ನ ಸುದ್ದಿ ತಿಳಿದ ಮೇಲೆ ಬೇರೆ ದೇಶಗಳ ವೈದ್ಯರು ತಮ್ಮ ಹಳೆಯ ಕಡತಗಳನ್ನು ತೆರೆದು ನೋಡಿದರು. ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ ಹೀಗೆ ಒಂದೊಂದೇ ಕಡೆ ಅಂಥದೇ ರೋಗಿಗಳು ಸಿಕ್ಕರು. ಒಬ್ಬರನ್ನೊಬ್ಬರು ಕಂಡವರಲ್ಲ. ಶಸ್ತ್ರಚಿಕಿತ್ಸೆಯಾದ ಊರು ಬೇರೆ, ವರ್ಷ ಬೇರೆ, ವೈದ್ಯರು ಬೇರೆ.

ಅವರ ರೋಗಾಣುಗಳನ್ನೂ, ಯಂತ್ರಗಳಲ್ಲಿ ಸಿಕ್ಕವನ್ನೂ, ಬೇರೆ ಮೂಲಗಳಲ್ಲಿ ಸಿಕ್ಕವನ್ನೂ ಸೇರಿಸಿ 250 ಮಾದರಿಗಳ ಜೀನೋಮನ್ನು ವಿಜ್ಞಾನಿಗಳು ಓದಿ ಹೋಲಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅದೂ, ಸರಿಯಾಗಿ 150 ವರ್ಷಗಳ ಹಿಂದೆ ಲಿಸ್ಟರರ ಲೇಖನ ಹಾಕಿದ್ದ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲೇ. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ರೋಗಾಣುಗಳು ವಂಶವೃಕ್ಷದ ಒಂದೇ ಸಣ್ಣ ರೆಂಬೆಯ ಮೇಲೆ ಕುಳಿತಿದ್ದವು. ಅಮೆರಿಕದ 11 ರೋಗಿಗಳದೂ ಅದೇ ರೆಂಬೆ. ಒಂದೇ ಕಂಪನಿ ತಯಾರಿಸಿದ ಯಂತ್ರಗಳಲ್ಲಿ ಸಿಕ್ಕ ಬಹುಪಾಲು ಕಿಮೇರಾಗಳೂ ಅಲ್ಲೇ. ಜರ್ಮನಿಯಲ್ಲಿ ಆ ಯಂತ್ರಗಳು ತಯಾರಾಗುತ್ತಿದ್ದ ಕಾರ್ಖಾನೆಯಿಂದ ತಂದ ಮಾದರಿಯೂ ಅಲ್ಲೇ!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಂತ್ರದಿಂದ ರೋಗಿಗೆ ಬಂತೋ, ರೋಗಿಯಿಂದ ಯಂತ್ರಕ್ಕೆ ಹೋಯಿತೋ? ಜೀನೋಮ್ ಅಷ್ಟನ್ನು ತಾನೇ ಹೇಳಲಾರದು. ಉತ್ತರ ಸಿಕ್ಕಿದ್ದು ಜರ್ಮನಿಯ ತನಿಖೆಯಿಂದ. ಇನ್ನೂ ರೋಗಿಗಳಿಗೆ ಬಳಸದ ಹೊಚ್ಚಹೊಸ ಯಂತ್ರಗಳಲ್ಲೂ ಕಾರ್ಖಾನೆಯ ಪರಿಸರದಲ್ಲೂ ಕಿಮೇರಾ ಇತ್ತು. ರೋಗಿಯ ಬಳಿಗೇ ಹೋಗದ ಯಂತ್ರಕ್ಕೆ ರೋಗಿಯಿಂದ ಹೇಗೆ ತಾನೇ ಬಂದೀತು? ಸೋಂಕು ಆಸ್ಪತ್ರೆಗಳಲ್ಲಿ ಹುಟ್ಟಿದ್ದಲ್ಲ. ಯಂತ್ರದ ಜೊತೆಯಲ್ಲೇ ಪ್ರಯಾಣ ಮಾಡಿ ಖಂಡಾಂತರಗಳಿಗೆ ಹೋಗಿತ್ತು. ತಮ್ಮ ಥಿಯೇಟರಿನಲ್ಲಿ ಎಲ್ಲಿ ಎಚ್ಚರ ತಪ್ಪಿತೆಂದು ಒಂದೊಂದು ಆಸ್ಪತ್ರೆಯೂ ಒಂಟಿಯಾಗಿ ತಲೆಕೆಡಿಸಿಕೊಂಡಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಜೀನೋಮ್ ಆರೋಪ ಹೊರಿಸುವುದಷ್ಟೇ ಅಲ್ಲ, ಬಿಡುಗಡೆಯನ್ನೂ ಮಾಡುತ್ತದೆ. ಆ ಒಬ್ಬ ರೋಗಿಯ ರೋಗಾಣು ಉಳಿದವರ ರೆಂಬೆಯಲ್ಲಿರಲಿಲ್ಲ. ಬೇರೆ ಬಗೆಯ ಯಂತ್ರಗಳಲ್ಲಿ ಸಿಕ್ಕ ಕಿಮೇರಾಗಳು ವೃಕ್ಷದ ಅಲ್ಲಲ್ಲಿ ಚದುರಿದ್ದವು. ಇನ್ನು ಒಂದು ಮಿತಿಯನ್ನೂ ಗಮನಿಸಬೇಕು. ಆ ಕಾರ್ಖಾನೆಯ ಯಂತ್ರಗಳಲ್ಲಿದ್ದವೆಲ್ಲ ಹೆಚ್ಚುಕಡಿಮೆ ಅಕ್ಕತಂಗಿಯರೇ ಆದ್ದರಿಂದ, ಇಂಥ ರೋಗಿಗೆ ಇಂಥದೇ ಯಂತ್ರದಿಂದ ಬಂತೆಂದು ಅಕ್ಷರ ನೋಡಿ ಬೆರಳಿಟ್ಟು ತೋರಿಸುವುದು ಕಷ್ಟ. ಅದಕ್ಕೆ ಯಾವ ದಿನ, ಯಾವ ಥಿಯೇಟರಿನಲ್ಲಿ, ಯಾವ ಯಂತ್ರ ಬಳಸಿದರು ಎಂಬ ಆಸ್ಪತ್ರೆಯ ದಾಖಲೆಯೇ ಬೇಕು. ಅಕ್ಷರಗಳು ನಂಟು ಹೇಳುತ್ತವೆ. ದಾರಿಯನ್ನು ಹೇಳುವುದು ಹೊಗೆ, ನೀರು, ಗಾಳಿಯ ಪರೀಕ್ಷೆ ಮತ್ತು ಕಡತ.

2016ರ ಅಕ್ಟೋಬರ್ 13ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆಸ್ಪತ್ರೆಗಳಿಗೂ ರೋಗಿಗಳಿಗೂ ಎಚ್ಚರಿಕೆ ಕೊಟ್ಟಿತು. ಅಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಇಂಥ ಯಂತ್ರಗಳು ಬಳಕೆಯಾಗುತ್ತಿದ್ದವು. ಸೋಂಕು ಕಂಡುಬಂದ ಆಸ್ಪತ್ರೆಗಳಲ್ಲೂ ಅಪಾಯ ನೂರಕ್ಕೊಬ್ಬರಿಂದ ಸಾವಿರಕ್ಕೊಬ್ಬರವರೆಗೆ ಎಂದು ಅದು ಅಂದಾಜು ಮಾಡಿತು. ಹೆದರಿ ಶಸ್ತ್ರಚಿಕಿತ್ಸೆಯನ್ನೇ ಬಿಟ್ಟರೆ ಅದರಿಂದಾಗುವ ಹಾನಿ ಇದಕ್ಕಿಂತ ಎಷ್ಟೋ ಹೆಚ್ಚು. ಯಂತ್ರವನ್ನು ಥಿಯೇಟರಿನ ಹೊರಗಿಡುವುದು, ಹೊರಗಿಡಲಾಗದಿದ್ದರೆ ಅದರ ಗಾಳಿ ರೋಗಿಯ ಕಡೆ ಬೀಸದಂತೆ ತಿರುಗಿಸುವುದು, ತೊಟ್ಟಿಯನ್ನು ನಿಯಮದಂತೆ ಸೋಂಕುಮುಕ್ತಗೊಳಿಸುವುದು ಇವೆಲ್ಲ ಆಸ್ಪತ್ರೆಗಳಿಗೆ ಬಂದ ಸೂಚನೆಗಳು.

ನಲ್ಲಿ ನೀರಿನ ಇನ್ನೊಂದು ಪಾಠ

ಕಿಮೇರಾದ ದಾಯಾದಿಗಳು ನಮ್ಮ ದೇಶಕ್ಕೂ ಅಪರಿಚಿತರಲ್ಲ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪ್ರೊಸ್ಕೋಪಿ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಗಾಯ ಮೊದಲು ಮಾಯ್ದು, ವಾರಗಳ ನಂತರ ಅದೇ ರಂಧ್ರದ ಜಾಗದಲ್ಲಿ ಗಂಟು ಕಟ್ಟಿ ಸೋರತೊಡಗುವುದನ್ನು ಭಾರತದ ವೈದ್ಯರು ವರದಿ ಮಾಡಿದ್ದಾರೆ. ಕಾರಣ, ನೀರಿನಲ್ಲಿ ವಾಸಿಸುವ ಇತರ ಮೈಕೊಬ್ಯಾಕ್ಟೀರಿಯಗಳು. ಹೆಚ್ಚು ಶಾಖ ತಡೆಯದ ಉಪಕರಣಗಳನ್ನು ಔಷಧದ ದ್ರಾವಣದಲ್ಲಿ ನೆನೆಸಿ ಶುದ್ಧ ಮಾಡುತ್ತಾರೆ. ಆಮೇಲೆ ಅವನ್ನು ತೊಳೆಯುವ ನೀರೇ ಅಶುದ್ಧವಾಗಿದ್ದರೆ ಅಷ್ಟು ಹೊತ್ತಿನ ಶ್ರಮವೆಲ್ಲ ನೀರುಪಾಲು. ಮಾಮೂಲಿ ಆಂಟಿಬಯೋಟಿಕ್‌ಗಳಿಗೆ ಇಂಥ ಗಾಯ ಸಾಮಾನ್ಯವಾಗಿ ಜಗ್ಗುವುದಿಲ್ಲ.

ಇಲ್ಲಿ ತಂದೆತಾಯಿಯರು ತಿಳಿಯಬೇಕಾದ ವಿಷಯ ಒಂದಿದೆ. ಶಸ್ತ್ರಚಿಕಿತ್ಸೆಯಾದ ಗಾಯ ಮತ್ತೆ ಕೆಂಪಾದರೆ, ಊದಿಕೊಂಡರೆ, ಸೋರಿದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬಾರದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಮರಳಿ ಹೋಗಬೇಕು. ಆ ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆಯೇ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅರ್ಧಂಬರ್ಧ ಮಾತ್ರೆ ನುಂಗಿದ ಮೇಲೆ ರೋಗಾಣು ಕಲ್ಚರಿನಲ್ಲಿ ಬೆಳೆಯದೇ ಹೋಗಬಹುದು. ಬೆಳೆಯದಿದ್ದರೆ ಗುರುತು ಸಿಗುವುದಿಲ್ಲ. ಹಾಗೆಯೇ ಡಿಸ್ಚಾರ್ಜ್ ಚೀಟಿಯನ್ನು ಮನೆಯಲ್ಲಿ ಜೋಪಾನವಾಗಿ ಇಡಬೇಕು. ವರ್ಷಗಳ ಮೇಲೆ ಜ್ವರ ಬಂದಾಗ ಹೊಸ ವೈದ್ಯರಿಗೆ ಹಳೆಯ ಶಸ್ತ್ರಚಿಕಿತ್ಸೆಯ ಸಂಗತಿ ಹೇಳುವುದು ಆ ಚೀಟಿಯೇ.

ಈ ಪತ್ತೇದಾರಿ ಶುರುವಾದದ್ದು ದೊಡ್ಡ ಕಂಪ್ಯೂಟರಿನಿಂದಲ್ಲ. ಜ್ಯೂರಿಚ್‌ನ ಪ್ರಯೋಗಶಾಲೆಯಲ್ಲಿ ಒಬ್ಬ ರೋಗಿಯ ಅಪರೂಪದ ರೋಗಾಣುವನ್ನು ವಾರಗಟ್ಟಲೆ ಕಾದು ಬೆಳೆಸಿದರು, ಅದಕ್ಕೆ ಸರಿಯಾದ ಹೆಸರು ಕೊಟ್ಟರು, ಕಸಕ್ಕೆ ಎಸೆಯದೆ ಉಳಿಸಿದರು. ಅಂಥದೇ ಎರಡನೆಯದು ಬಂದಾಗ ಮೊದಲನೆಯದನ್ನು ನೆನಪಿಸಿಕೊಂಡರು. ಉಳಿಸಿದ ಮಾದರಿ ಇದ್ದದ್ದರಿಂದಲೇ ಓದಲು ಅಕ್ಷರಗಳಿದ್ದವು. ಆ ಅಕ್ಷರಗಳನ್ನು ಓದಿದ್ದರಿಂದಲೇ ಬೇರೆ ಬೇರೆ ದೇಶಗಳ ರೋಗಿಗಳ ಕಾಯಿಲೆಗೆ ಒಂದೇ ಮೂಲವಿದೆಯೆಂದು ತಿಳಿಯಿತು, ಮುಂದೆ ಶಸ್ತ್ರಚಿಕಿತ್ಸೆಗೆ ಹೋಗುವವರ ಅಪಾಯವೂ ಕಡಿಮೆಯಾಯಿತು.